ಪಕ್ಕದ ಮನೆ ಚಾರ್ಜರ್ ಹಾಕಿದರೆ ಬ್ಯಾಟರಿ ಹೋಗುತ್ತಾ?

ಹೋದ ವರ್ಷ ತಿಪಟೂರಿನ ಛತ್ರವೊಂದರಲ್ಲಿ ನಮ್ಮ ಸೋದರಮಾವನ ಮಗಳ ಮದುವೆ. ಹಿಂದಿನ ದಿನ ಬೆಳಗ್ಗೆಯಿಂದಲೇ ಮಾವನಿಗೆ ಒಂದೇ ಸಮನೆ ಫೋನು. ಅಡುಗೆಯವರದು, ಹೂವಿನವನದು, ದಾರಿ ತಪ್ಪಿದ ಬೀಗರ ಬಸ್ಸಿನದು. ರಾತ್ರಿ ಎಂಟೂವರೆಗೆ ನೋಡಿದರೆ ಬ್ಯಾಟರಿ 6 ಪರ್ಸೆಂಟ್. ನನ್ನ ಚಾರ್ಜರ್ ತೆಗೆದುಕೊಟ್ಟೆ.

"ಬ್ಯಾಡ ಕಣಪ್ಪ. ಬ್ಯಾರೆ ಕಂಪನಿ ಚಾರ್ಜರ್ ಹಾಕಿದ್ರೆ ಬ್ಯಾಟ್ರಿ ಹಾಳಾಗ್ತೈತೆ."

"ಏನೂ ಆಗಲ್ಲ ಮಾವ, ಹಾಕಿ."

"ನಿಂಗೆ ಗೊತ್ತಿಲ್ಲ ಸುಮ್ನಿರು. ನಮ್ಮೂರಲ್ಲಿ ಇಬ್ಬರದು ಹಿಂಗೇ ಹೋಯ್ತು."

ಕೊನೆಗೆ ಒಬ್ಬ ಹುಡುಗನನ್ನು ಬೈಕಿನಲ್ಲಿ ಊರಿಗೆ ಓಡಿಸಿ ಅವರದೇ ಚಾರ್ಜರ್ ತರಿಸಿಕೊಂಡರು. ಬಂದದ್ದನ್ನು ನೋಡಿ ನಾನು ದಂಗಾದೆ. ಅಡಾಪ್ಟರಿನ ಮುಚ್ಚಳ ಬಿರುಕು ಬಿಟ್ಟು ರಬ್ಬರ್ ಬ್ಯಾಂಡ್ ಹಾಕಿದ್ದರು. ವೈರಿನ ಕುತ್ತಿಗೆಗೆ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಕೆಳಗೆ ಇನ್ನೊಂದು ಸುತ್ತು, ಗಾಯಕ್ಕೆ ಹಚ್ಚುವ ಪ್ಲಾಸ್ಟರ್. ಕಂಪನಿಯದೇ ಚಾರ್ಜರ್, ನಿಜ. ಆದರೆ ಅಲ್ಲಿ ಬ್ಯಾಟರಿಗೆ, ಅದಕ್ಕಿಂತ ಜಾಸ್ತಿ ಮಾವನಿಗೇ, ಅಪಾಯ ಇದ್ದದ್ದು ಆ ಚಾರ್ಜರಿನಿಂದಲೇ.

ಈ ಲೇಖನ ಬರೆಯಲು ಅದೇ ಕಾರಣ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇರೆ ಕಂಪನಿಯದು ಅನ್ನುವ ಒಂದೇ ಕಾರಣಕ್ಕೆ ಯಾವ ಚಾರ್ಜರೂ ಬ್ಯಾಟರಿ ಹಾಳು ಮಾಡುವುದಿಲ್ಲ. ಕಳಪೆ ಚಾರ್ಜರ್ ಮಾಡಬಹುದು, ಕೆಟ್ಟ ಕೇಬಲ್ ಮಾಡಬಹುದು, ಬಿಸಿ ಖಂಡಿತ ಮಾಡುತ್ತದೆ. ಯಾವುದು ಒಳ್ಳೆಯದು, ಯಾವುದು ಕಳಪೆ ಅಂತ ಮನೆಯಲ್ಲೇ ಕೂತು ಹೇಗೆ ಗೊತ್ತು ಮಾಡಿಕೊಳ್ಳುವುದು ಅನ್ನುವುದಷ್ಟೇ ಪ್ರಶ್ನೆ.

ಶುರು ಮಾಡುವ ಮುಂಚೆ: ಎಷ್ಟು ಕುಡಿಯಬೇಕು ಅಂತ ತೀರ್ಮಾನಿಸುವುದು ಫೋನು

ನಾವು ಚಾರ್ಜರ್ ಅಂತ ಕರೆಯುವ ಡಬ್ಬಿ ಅಸಲಿಗೆ ಬ್ಯಾಟರಿ ಚಾರ್ಜ್ ಮಾಡುವುದಿಲ್ಲ. ಗೋಡೆಯ 230 ವೋಲ್ಟನ್ನು 5 ವೋಲ್ಟಿಗೋ 9 ವೋಲ್ಟಿಗೋ ಇಳಿಸಿ ಕೊಡುವುದಷ್ಟೇ ಅದರ ಕೆಲಸ. ಅದಕ್ಕೇ ಅದರ ಮೇಲೆ ಅಡಾಪ್ಟರ್ ಅಂತ ಬರೆದಿರುತ್ತಾರೆ. ನಿಜವಾದ ಚಾರ್ಜರ್ ಫೋನಿನೊಳಗೆ, ಉಗುರಿಗಿಂತ ಚಿಕ್ಕ ಚಿಪ್ಪಿನಲ್ಲಿ ಇದೆ. ಬ್ಯಾಟರಿ ಈಗ ಎಷ್ಟು ತುಂಬಿದೆ, ಎಷ್ಟು ಬಿಸಿ ಇದೆ, ಇನ್ನೆಷ್ಟು ಕರೆಂಟು ಬಿಡಬಹುದು ಅಂತ ಲೆಕ್ಕ ಹಾಕುವುದು ಆ ಚಿಪ್ಪು.

ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಡ್ರಿಪ್ ಹಾಕಿಸಿದ್ದೀರಿ. ಗಿಡದ ಬುಡದ ಡ್ರಿಪ್ಪರ್ ಗಂಟೆಗೆ 4 ಲೀಟರಿನದು. ಮೋಟರ್ 3 ಎಚ್‌ಪಿ ಇದ್ದರೂ 7.5 ಎಚ್‌ಪಿ ಇದ್ದರೂ ಗಿಡಕ್ಕೆ ಬೀಳುವುದು ಅದೇ 4 ಲೀಟರ್. ಆಂಪ್ ಅನ್ನುವುದು ಹೀಗೆ. ಚಾರ್ಜರಿನ ಮೇಲೆ 3 ಆಂಪ್ ಅಂತ ಇದ್ದರೆ "ಇಷ್ಟರವರೆಗೆ ಕೊಡಬಲ್ಲೆ" ಅಂತ ಅರ್ಥ. ಫೋನಿಗೆ 1 ಆಂಪ್ ಸಾಕಾದರೆ ಅದು 1 ಆಂಪ್ ಮಾತ್ರ ಎಳೆದುಕೊಳ್ಳುತ್ತದೆ. ವೋಲ್ಟ್ ಮಾತ್ರ ಬೇರೆ. ಅದು ನೀರಿನ ಒತ್ತಡ ಇದ್ದಂತೆ. ಪೈಪು ತಡೆಯಲಾರದಷ್ಟು ಒತ್ತಡ ಕೊಟ್ಟರೆ ಜಾಯಿಂಟ್ ಕಿತ್ತುಕೊಂಡು ಹೋಗುತ್ತದೆ.

ಹಾಗಾದರೆ 9 ವೋಲ್ಟ್, 20 ವೋಲ್ಟ್ ಕೊಡುವ ಫಾಸ್ಟ್ ಚಾರ್ಜರನ್ನು ಸಾದಾ ಫೋನಿಗೆ ಚುಚ್ಚಿದರೆ? ಏನೂ ಆಗುವುದಿಲ್ಲ. ಈಗಿನ ಸರಿಯಾದ ಚಾರ್ಜರ್‌ಗಳೆಲ್ಲ 5 ವೋಲ್ಟಿನಿಂದಲೇ ಶುರು ಮಾಡುತ್ತವೆ. ಪಿನ್ ಕೂತ ತಕ್ಷಣ ಫೋನು ಮತ್ತು ಚಾರ್ಜರ್ ನಡುವೆ ಮಾತುಕತೆ ನಡೆಯುತ್ತದೆ. "ನಿನಗೆ 9 ವೋಲ್ಟ್ ಕೊಡಲಿಕ್ಕೆ ಬರುತ್ತಾ?" "ಬರುತ್ತೆ." "ಹಾಗಾದರೆ ಕೊಡು." ಫೋನು ಕೇಳದಿದ್ದರೆ ಚಾರ್ಜರ್ 5ರಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪಿನ 65 ವ್ಯಾಟ್ ಟೈಪ್ ಸಿ ಚಾರ್ಜರಿಗೆ ಹತ್ತು ಸಾವಿರದ ಫೋನು ಹಾಕಿದರೂ ತೊಂದರೆ ಇಲ್ಲದಿರುವುದು ಇದಕ್ಕೇ.

ಈ ಮಾತುಕತೆಯ ಭಾಷೆ ಎಲ್ಲ ಕಂಪನಿಗೂ ಒಂದೇ ಅಲ್ಲ. ಪವರ್ ಡೆಲಿವರಿ, ಅಂದರೆ ಪಿಡಿ, ಈಗ ಎಲ್ಲರಿಗೂ ಸಾಮಾನ್ಯವಾದ ಭಾಷೆ. ಚಿಪ್ಪು ಮಾಡುವ ಕ್ವಾಲ್‌ಕಾಮ್ ಕಂಪನಿಯ ಕ್ವಿಕ್ ಚಾರ್ಜ್ ಇನ್ನೊಂದು. ಒಪ್ಪೊ, ಒನ್‌ಪ್ಲಸ್, ರಿಯಲ್‌ಮಿಗಳದು ವೂಕ್ ಕುಟುಂಬ. ಅದರಲ್ಲಿ ವೋಲ್ಟನ್ನು ಹದ ಮಾಡುವ ಕೆಲಸದ ಒಂದು ಪಾಲನ್ನು ಚಾರ್ಜರಿಗೇ ವಹಿಸಿರುತ್ತಾರೆ. ಹಾಗಾಗಿ ಅಂಥ ಫೋನು ಗುರುತಿಲ್ಲದ ಚಾರ್ಜರನ್ನು ನಂಬುವುದಿಲ್ಲ. ನಂಬದಿದ್ದರೆ ಸಿಟ್ಟು ಮಾಡಿಕೊಂಡು ಕೆಡುವುದೂ ಇಲ್ಲ, ನಿಧಾನಕ್ಕೆ ಇಳಿಯುತ್ತದೆ. 67 ವ್ಯಾಟಿನ ಫೋನು ಪಕ್ಕದ ಮನೆ ಚಾರ್ಜರಿನಲ್ಲಿ 10 ವ್ಯಾಟಿನಲ್ಲಿ ತೆವಳಿದರೆ ಅದು ರೋಗ ಅಲ್ಲ, ಫೋನಿನ ಮುನ್ನೆಚ್ಚರಿಕೆ. 5000 ಎಂಎಎಚ್ ಬ್ಯಾಟರಿ 10 ವ್ಯಾಟಿನಲ್ಲಿ ತುಂಬಲು ಹತ್ತಿರ ಹತ್ತಿರ ಮೂರು ಗಂಟೆ ಬೇಕು. ಹಳೆಯ 5 ವ್ಯಾಟಿನ ಡಬ್ಬಿಯಾದರೆ ಐದು ಗಂಟೆಯ ಹತ್ತಿರ. ನಿಧಾನ ಚಾರ್ಜಿನಿಂದ ಬ್ಯಾಟರಿ ಕೆಡುವುದಿಲ್ಲ. ಕೆಡುವುದು ನಿಮ್ಮ ತಾಳ್ಮೆ.

ಹೆಜ್ಜೆ 1: ಅಡಾಪ್ಟರಿನ ಸಣ್ಣಕ್ಷರ ಓದಿ

ಓದಲಿಕ್ಕೆ ಆಗದಷ್ಟು ಸಣ್ಣದಾಗಿ, ಬಿಳಿಯ ಮೇಲೆ ಬೂದಿ ಬಣ್ಣದಲ್ಲಿ ಬರೆದಿರುತ್ತಾರೆ. ಕಣ್ಣು ಕಿರಿದು ಮಾಡಿಕೊಂಡು ಒದ್ದಾಡಬೇಡಿ. ಪ್ಲಗ್ಗಿನಿಂದ ಕಿತ್ತು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಮೊದಲು ಇನ್‌ಪುಟ್ ಸಾಲು. 100ರಿಂದ 240 ವೋಲ್ಟ್ ಅಂತ ಇರಬೇಕು. ಇದ್ದರೆ ಊರಿನ ಕರೆಂಟು ಸಂಜೆ 170ಕ್ಕೆ ಇಳಿದರೂ ಚಾರ್ಜರ್ ಕೆಲಸ ಮಾಡುತ್ತದೆ. ರೈಲಿನ ಹಳೆ ಬೋಗಿಗಳಲ್ಲಿ ಪ್ಲಗ್ಗಿಗೆ ಬರುವುದು 110 ವೋಲ್ಟ್. ಅಲ್ಲೂ ನಡೆಯುತ್ತದೆ.

ಆಮೇಲೆ ಔಟ್‌ಪುಟ್. ನನ್ನ ಬಳಿ ಇರುವ 45 ವ್ಯಾಟಿನದರ ಮೇಲೆ ಹೀಗಿದೆ: 5 ವೋಲ್ಟ್ 3 ಆಂಪ್, 9 ವೋಲ್ಟ್ 3 ಆಂಪ್, 15 ವೋಲ್ಟ್ 3 ಆಂಪ್, 20 ವೋಲ್ಟ್ 2.25 ಆಂಪ್. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್. 20ನ್ನು 2.25ರಿಂದ ಗುಣಿಸಿದರೆ 45, ಸರಿ ಬಂತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 65 ವ್ಯಾಟ್ ಅಂತ ಬರೆದು, ಒಳಗಿನ ಅಡಾಪ್ಟರಿನಲ್ಲಿ 5 ವೋಲ್ಟ್ 2.4 ಆಂಪ್ ಒಂದೇ ಸಾಲು ಇದ್ದರೆ ಅದು 12 ವ್ಯಾಟ್. ಲೆಕ್ಕ ಅಲ್ಲೇ ಸುಳ್ಳು ಹಿಡಿದುಕೊಡುತ್ತದೆ. ಇಂಥದನ್ನು ನಾನೇ ಒಮ್ಮೆ ಕೊಂಡು ಮನೆಗೆ ಬಂದ ಮೇಲೆ ನೋಡಿದೆ. ಲೇಬಲ್ಲಿನಲ್ಲಿ 5 ವೋಲ್ಟಿನ ಸಾಲೇ ಇಲ್ಲದೆ 9 ಅಥವಾ 12 ಮಾತ್ರ ಇದ್ದರೆ ಅದು ಫೋನಿನದಲ್ಲ, ಮುಟ್ಟಬೇಡಿ.

ಈ ವಿಷಯದಲ್ಲಿ ಒಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ವೈಫೈ ರೂಟರಿನದೋ ಸೆಟ್‌ಟಾಪ್ ಬಾಕ್ಸಿನದೋ ದುಂಡು ಪಿನ್ನಿನ ಅಡಾಪ್ಟರಿನ ವೈರು ಕತ್ತರಿಸಿ, ಅದಕ್ಕೆ ಫೋನಿನ ಪಿನ್ ಜೋಡಿಸಿ ಚಾರ್ಜಿಗೆ ಹಾಕುವವರಿದ್ದಾರೆ. ಅವು ಸಾಮಾನ್ಯವಾಗಿ 12 ವೋಲ್ಟಿನವು. ಅವಕ್ಕೆ ಮಾತುಕತೆ ಗೊತ್ತಿಲ್ಲ. ಫೋನು ಕೇಳಲಿ ಬಿಡಲಿ, 12 ವೋಲ್ಟ್ ನುಗ್ಗಿಸುತ್ತವೆ. ಬೇರೆ ಚಾರ್ಜರಿನಿಂದ ಫೋನು ಸತ್ತೇ ಹೋಯಿತು ಅನ್ನುವ ಕತೆಗಳ ಹಿಂದೆ ಇಂಥ ಕೈಚಳಕ ಇರುವುದುಂಟು. ಮಾವನ ಊರಿನ ಇಬ್ಬರಲ್ಲಿ ಒಬ್ಬರ ಕತೆ ಇದೇ ಅಂತ ಆಮೇಲೆ ವಿಚಾರಿಸಿದಾಗ ಗೊತ್ತಾಯಿತು.

ಕೊನೆಯದಾಗಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು. ನಮ್ಮ ದೇಶದಲ್ಲಿ ಮಾರುವ ಮೊಬೈಲ್ ಅಡಾಪ್ಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಗುರುತಿನ ಜೊತೆಗೆ 'ಆರ್' ಅಕ್ಷರ, ಅಡ್ಡಗೆರೆ, ಆಮೇಲೆ 8 ಅಂಕಿಗಳ ಸಂಖ್ಯೆ ಇರುತ್ತದೆ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು, ಹಾಗಾಗಿ ಕಂಡ ತಕ್ಷಣ ನಂಬಬೇಡಿ. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ಯಾವ ವಸ್ತುವಿಗೆ ಕೊಟ್ಟ ನೋಂದಣಿ ಅನ್ನುವುದೆಲ್ಲ ಬರುತ್ತದೆ. ನಿಮ್ಮ ಕೈಯಲ್ಲಿರುವುದು ಚಾರ್ಜರ್, ಆ್ಯಪ್ ತೋರಿಸುವುದು ಇನ್ಯಾವುದೋ ಸಾಮಾನು ಅಂತಾದರೆ ಕತೆ ಗೊತ್ತಾಯಿತಲ್ಲ.

ಹೆಜ್ಜೆ 2: ಕೇಬಲನ್ನು ಅನುಮಾನಿಸಿ

ಎಲ್ಲರೂ ಬೈಯುವುದು ಅಡಾಪ್ಟರನ್ನು. ನನ್ನ ಅನುಭವದಲ್ಲಿ ಹತ್ತಕ್ಕೆ ಆರು ಸಲ ತಪ್ಪು ಕೇಬಲ್ಲಿನದು.

2016ರ ಫೆಬ್ರುವರಿಯಲ್ಲಿ ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯುಂಗ್ ಆನ್‌ಲೈನಿನಲ್ಲಿ ಸಿಗುವ ಟೈಪ್ ಸಿ ಕೇಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಒಂದು ಅಗ್ಗದ ಕೇಬಲ್ ಚುಚ್ಚಿದ ಕೂಡಲೇ ಅವರ ಲ್ಯಾಪ್‌ಟಾಪ್ ಕೆಟ್ಟಿತು, ಪರೀಕ್ಷೆಯ ಉಪಕರಣವೂ ಕೆಟ್ಟಿತು. ಬಿಚ್ಚಿ ನೋಡಿದರೆ ಒಳಗಿನ ತಂತಿಗಳನ್ನೇ ಅದಲುಬದಲು ಬೆಸೆದಿದ್ದರು. ಚಾರ್ಜರ್ ಎಷ್ಟೇ ಒಳ್ಳೆಯದಿದ್ದರೂ ನಡುವಿನ ವೈರು ಇಂಥದಾದರೆ ಏನು ಮಾಡುವುದು?

ಎಲ್ಲ ಕೆಟ್ಟ ಕೇಬಲ್ಲೂ ಇಷ್ಟು ನಾಟಕ ಮಾಡುವುದಿಲ್ಲ. ಒಳಗೆ ಕೂದಲಿನಷ್ಟು ತೆಳು ತಾಮ್ರ ಹಾಕಿರುತ್ತಾರೆ, ಕರೆಂಟು ದಾರಿಯಲ್ಲೇ ಬಿಸಿಯಾಗಿ ಸೋರಿಹೋಗುತ್ತದೆ. ನೋಡುವುದು ಹೀಗೆ: ಚಾರ್ಜಿಗೆ ಹಾಕಿದ ಹತ್ತು ನಿಮಿಷಕ್ಕೆ ಕೇಬಲ್ಲಿನ ಎರಡೂ ತುದಿಯ ಪಿನ್ನಿನ ಬುಡ ಹಿಡಿಯಿರಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ತೆಗೆಯುವಷ್ಟು ಬಿಸಿ ಇದ್ದರೆ ಬಿಸಾಕಿ. ಪಿನ್ ಅಲ್ಲಾಡಿಸಿದರೆ ಚಾರ್ಜ್ ಬಂದು ಹೋಗಿ ಮಾಡಿದರೂ ಬಿಸಾಕಿ. ಟೇಪು ಸುತ್ತಿದ್ದರೆ ಕೇಳಲೇಬೇಡಿ.

ಇನ್ನೊಂದು ಗೊಂದಲ. ಟೈಪ್ ಸಿ ಕೇಬಲ್‌ಗಳೆಲ್ಲ ಹೊರಗೆ ಒಂದೇ ಥರ ಕಾಣುತ್ತವೆ, ಒಳಗೆ ಬೇರೆ ಬೇರೆ. ಎರಡೂ ತುದಿ ಸಿ ಇರುವ ಸಾದಾ ಕೇಬಲ್ 3 ಆಂಪಿನವರೆಗೆ ಒಯ್ಯುತ್ತದೆ. 5 ಆಂಪಿಗೆ ಪಿನ್ನಿನೊಳಗೆ ಗುರುತು ಹೇಳುವ ಚಿಪ್ಪು ಇರಲೇಬೇಕು. ವೂಕ್ ಥರದ ಚಾರ್ಜರಿಗೆ ಅದರದೇ ಕೇಬಲ್ ಬೇಕು. ಚಾರ್ಜರ್ ಕಂಪನಿಯದೇ, ಆದರೂ ನಿಧಾನ ಅಂತ ಗೋಳಾಡುವವರು ಕೇಬಲ್ ಮಾತ್ರ ಬದಲಾಗಿದೆಯಾ ಅಂತ ನೋಡಿಕೊಳ್ಳಿ.

ಹೆಜ್ಜೆ 3: ಫೋನಿನ ತೂತು ನೋಡಿ

ಇದು ಚಾರ್ಜರಿನ ವಿಷಯ ಅಲ್ಲ ಅನಿಸಬಹುದು. ಆದರೆ ಅಂಗಡಿಗೆ ಹೋಗಿ ಹೊಸ ಚಾರ್ಜರಿಗೆ ದುಡ್ಡು ಕೊಡುವ ಮುಂಚೆ ಐದು ನಿಮಿಷ ಇದಕ್ಕೆ ಕೊಡಿ.

ಮದುವೆ ಮುಗಿದ ಮರುದಿನ ಮಾವನ ಮನೆಯಲ್ಲಿ ಅವರ ಫೋನು ತೆಗೆದುಕೊಂಡೆ. ಯಾವ ಪಿನ್ ಹಾಕಿದರೂ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ, ಉಗುರಿನ ದಪ್ಪದಷ್ಟು ಹೊರಗೇ ಉಳಿಯುತ್ತಿತ್ತು. ಫೋನು ಸ್ವಿಚ್ ಆಫ್ ಮಾಡಿ, ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿದೆ. ತಳ ಕಾಣಲಿಲ್ಲ. ಊದುಬತ್ತಿಯ ಕಡ್ಡಿಯ ಬರಿ ತುದಿಯನ್ನು ಬ್ಲೇಡಿನಲ್ಲಿ ಚಪ್ಪಟೆ ಮಾಡಿ ಮೆಲ್ಲಗೆ ಅಂಚಿನಿಂದ ಎತ್ತಿದೆ. ಮೊದಲು ಜೇಬಿನ ಹತ್ತಿಯ ಉಂಡೆ ಬಂತು. ಆಮೇಲೆ ಕಂದು ಪುಡಿ. ಅದರ ಕೆಳಗೆ ಎರಡು ಎಳೆ ತೆಂಗಿನ ನಾರು, ಒತ್ತಿ ಒತ್ತಿ ಕಡುಬಿನಂತೆ ಗಟ್ಟಿಯಾಗಿತ್ತು. ಕೊಬ್ಬರಿ ಅಟ್ಟ ಇರುವ ಮನೆ, ಅಂಗಿ ಜೇಬಿನಲ್ಲೇ ಫೋನು, ಇನ್ನೇನಾಗುತ್ತದೆ? ಪ್ರತಿ ಸಲ ಪಿನ್ ಚುಚ್ಚಿದಾಗ ಧೂಳನ್ನು ಇನ್ನಷ್ಟು ದಮ್ಮಸ್ಸು ಮಾಡುತ್ತಿದ್ದರು.

ಸ್ವಚ್ಛ ಮಾಡಿ ಪಿನ್ ಹಾಕಿದರೆ 'ಟಕ್' ಅಂತ ಕೂತಿತು. ಮಾವ ಏನೂ ಹೇಳಲಿಲ್ಲ. ಅತ್ತೆ ಮಾತ್ರ ಆ ನಾರನ್ನು ಅಂಗೈಯಲ್ಲಿ ಹಿಡಿದು ಮನೆಗೆ ಬಂದವರಿಗೆಲ್ಲ ತೋರಿಸಿದರು.

ಸೂಜಿ, ಸೇಫ್ಟಿ ಪಿನ್ ಹಾಕಬೇಡಿ. ಸಿ ತೂತಿನ ನಡುವೆ ತೆಳ್ಳಗಿನ ನಾಲಿಗೆ ಇರುತ್ತದೆ, ಅದರ ಮೇಲೇ ಎಲ್ಲ ಸಂಪರ್ಕ. ಅದು ಮುರಿದರೆ ಚಾರ್ಜಿಂಗ್ ಜಾಕನ್ನೇ ಬದಲಿಸಬೇಕು. ಬಾಯಿಂದ ಊದಲೂಬೇಡಿ, ಉಗುಳಿನ ಪಸೆ ಹೋಗುತ್ತದೆ. ಮರದ ಕಡ್ಡಿಯೇ ಸರಿ.

ಹೆಜ್ಜೆ 4: ಮೊದಲ ಕಾಲು ಗಂಟೆ ಕಾವಲು

ಗುರುತಿಲ್ಲದ ಚಾರ್ಜರನ್ನು ಮೊದಲ ಸಲ ಹಾಕಿದಾಗ ಬಿಟ್ಟು ಹೋಗಬೇಡಿ. ಪಕ್ಕದಲ್ಲೇ ಇರಿ.

ಪರದೆಯನ್ನು ಮುಟ್ಟಿ ನೋಡಿ. ಬೆರಳಿಟ್ಟ ಕಡೆ ಬಿಟ್ಟು ಬೇರೆಲ್ಲೋ ಒತ್ತಿಕೊಳ್ಳುವುದು, ಟೈಪ್ ಮಾಡಿದರೆ ತಾನಾಗಿ ಅಕ್ಷರ ಬೀಳುವುದು, ಹೀಗೆ ದೆವ್ವ ಹಿಡಿದಂತೆ ಆಡಿದರೆ ಆ ಚಾರ್ಜರಿನಿಂದ ಬರುತ್ತಿರುವ ಕರೆಂಟು ಶುದ್ಧವಾಗಿಲ್ಲ. ಒಳಗಿನ ಫಿಲ್ಟರ್ ಭಾಗಗಳನ್ನು ಹಾಕದೆ ಅಗ್ಗ ಮಾಡಿದ್ದಾರೆ ಅಂತ ಅರ್ಥ. ಚಾರ್ಜರ್ ಕಿತ್ತ ಕೂಡಲೇ ಪರದೆ ಸರಿಹೋದರೆ ಅನುಮಾನವೇ ಬೇಡ. ಇದು ಮೀಟರ್ ಇಲ್ಲದೆ ಮಾಡಬಹುದಾದ ಒಳ್ಳೆಯ ಪರೀಕ್ಷೆ, ನನಗೆ ತುಂಬ ಇಷ್ಟ.

ಜುಮ್ ಅನ್ನುತ್ತದಾ? ಲೋಹದ ಮೈಯ ಫೋನು, ಬರಿಗಾಲು, ತಂಪು ನೆಲ ಇದ್ದರೆ ಎರಡು ಪಿನ್ನಿನ ಒಳ್ಳೆಯ ಅಡಾಪ್ಟರಿನಲ್ಲೂ ಇರುವೆ ಹರಿದಂತೆ ತುಸು ಆಗುವುದುಂಟು. ಚುರುಕ್ ಅಂತ ಹೊಡೆದರೆ ಮಾತ್ರ ಆಟ ಬೇಡ. ಸ್ವಿಚ್ ಆಫ್ ಮಾಡಿ, ಆಮೇಲೆ ಕಿತ್ತು, ಮತ್ತೆ ಯಾರೂ ಬಳಸದಂತೆ ಪಿನ್ ಮುರಿದು ಹಾಕಿ. ಗೋಡೆಯ 230 ವೋಲ್ಟಿಗೂ ನಿಮ್ಮ ಕೈಗೂ ನಡುವೆ ಇರುವುದು ಆ ಡಬ್ಬಿಯೊಳಗಿನ ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನ ಪದರ. ಕಳಪೆ ಮಾಲಿನಲ್ಲಿ ಮೊದಲು ಉಳಿತಾಯ ಮಾಡುವುದು ಅಲ್ಲೇ. ಹಾಗಾಗಿ ಕಳಪೆ ಚಾರ್ಜರ್ ಅಂದರೆ ನಾನು ಬ್ಯಾಟರಿಗಿಂತ ಮೊದಲು ಮನುಷ್ಯರ ಬಗ್ಗೆ ಯೋಚಿಸುತ್ತೇನೆ.

ಸುಟ್ಟ ವಾಸನೆ, ಕೀರಲು ಸದ್ದು, ಅಡಾಪ್ಟರ್ ಹಿಡಿಯಲಾರದಷ್ಟು ಬಿಸಿ: ಮೂರರಲ್ಲಿ ಒಂದಿದ್ದರೂ ಸಾಕು, ಕಿತ್ತುಬಿಡಿ. ಇದ್ಯಾವುದೂ ಇಲ್ಲದೆ ಕಾಲು ಗಂಟೆಯಲ್ಲಿ ನಾಲ್ಕೈದು ಪರ್ಸೆಂಟಾದರೂ ಏರಿದರೆ ನಿಶ್ಚಿಂತೆಯಾಗಿ ಬಳಸಿ.

ಬ್ಯಾಟರಿಯನ್ನು ನಿಜವಾಗಿ ತಿನ್ನುವುದು

ಇಲ್ಲಿ ಹೆಜ್ಜೆಯ ಲೆಕ್ಕ ಬಿಟ್ಟು ಸ್ವಲ್ಪ ನಿಲ್ಲುತ್ತೇನೆ. ಚಾರ್ಜರ್ ಯಾವುದು ಅಂತ ತಲೆಕೆಡಿಸಿಕೊಳ್ಳುವವರು ಫೋನನ್ನು ಬಿಸಿಲಲ್ಲಿ ಬಿಟ್ಟಿರುತ್ತಾರೆ.

ನಮ್ಮ ಫೋನುಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿಯಿಂದ. ಅದನ್ನು ಸಾಧ್ಯ ಮಾಡಿದ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಗುಡ್‌ಎನಫ್ ಅವರಿಗೆ ಆಗ 97 ವರ್ಷ. ಇಷ್ಟು ವರ್ಷದಲ್ಲಿ ಬ್ಯಾಟರಿ ಎಷ್ಟೋ ಸುಧಾರಿಸಿದೆ, ಆದರೆ ಬಿಸಿ ಅಂದರೆ ಆಗದ ಗುಣ ಹೋಗಿಲ್ಲ. ಒಳಗಿನ ದ್ರಾವಣ ಬಿಸಿಗೆ ಬೇಗ ಕೆಡುತ್ತದೆ. 100 ಪರ್ಸೆಂಟ್ ತುಂಬಿ ಬಿಸಿಯಲ್ಲೇ ಕೂತಿದ್ದರೆ ಇನ್ನೂ ಬೇಗ. ಸುತ್ತಲಿನ ಗಾಳಿ 35 ಡಿಗ್ರಿ ದಾಟಿದ ಕಡೆ ಫೋನು ಬಳಸಬೇಡಿ ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ಏಪ್ರಿಲ್ ಮಧ್ಯಾಹ್ನ ಶಿರಾ, ಪಾವಗಡದ ಕಡೆ ಇರುವವರು ಇದನ್ನು ಓದಿ ನಗಬೇಕಷ್ಟೆ.

ಗಾಳಿಯನ್ನು ತಂಪು ಮಾಡಲಾರೆವು, ಉಳಿದದ್ದು ನಮ್ಮ ಕೈಯಲ್ಲಿದೆ. ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಡಬೇಡಿ. ಟ್ರ್ಯಾಕ್ಟರಿನ ಬಾನೆಟ್ಟಿನ ಬಳಿ, ಬಸ್ಸಿನ ಎಂಜಿನ್ ಪಕ್ಕ, ಫ್ರಿಜ್ಜಿನ ಸ್ಟೆಬಿಲೈಸರ್ ಮೇಲೆ ಬೇಡ. ದಪ್ಪ ಪೌಚ್ ಇದ್ದರೆ ಫಾಸ್ಟ್ ಚಾರ್ಜ್ ಮಾಡುವಾಗ ಬಿಚ್ಚಿ. ರೆಡ್ ಆಕ್ಸೈಡ್ ನೆಲವೋ ಕಡಪ ಕಲ್ಲಿನ ಷೆಲ್ಫೋ ಇದ್ದರೆ ಅಲ್ಲೇ ಮಗುಚಿ ಇಡಿ, ಅದಕ್ಕಿಂತ ಒಳ್ಳೆ ಕೂಲರ್ ಇಲ್ಲ. ಫ್ರಿಜ್ಜಿನೊಳಗೆ ಮಾತ್ರ ಇಡಬೇಡಿ, ಒಳಗೆ ನೀರಿನ ಪಸೆ ಕಟ್ಟುತ್ತದೆ. ಹೀಗೆ ಮಾಡಿದವರನ್ನು ಕಂಡಿದ್ದೇನೆ.

ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡುವುದು, ಗಂಟೆಗಟ್ಟಲೆ ವಿಡಿಯೋ ಕಾಲ್ ಮಾಡುವುದು ಬ್ಯಾಟರಿಗೆ ಎರಡೂ ಕಡೆಯಿಂದ ಬಿಸಿ ಕೊಡುತ್ತದೆ. ಮನೆಯ ಹುಡುಗರಿಗೆ ಹೇಳಿ ಪ್ರಯೋಜನ ಇಲ್ಲ, ಗೊತ್ತು.

ರಾತ್ರಿಯಿಡೀ ಹಾಕಿದರೆ? ತುಂಬಿದ ಮೇಲೆ ಫೋನೇ ಕರೆಂಟು ನಿಲ್ಲಿಸುತ್ತದೆ, ಸಿಡಿಯುವುದಿಲ್ಲ. ಆದರೆ ಬೆಳಗಿನವರೆಗೂ ತುಂಬಿದ ಸ್ಥಿತಿಯಲ್ಲೇ ಇರುವುದು ಬ್ಯಾಟರಿಗೆ ಸುಖ ಅಲ್ಲ. ಈಗಿನ ಬಹಳಷ್ಟು ಫೋನುಗಳ ಬ್ಯಾಟರಿ ಸೆಟ್ಟಿಂಗಿನಲ್ಲಿ 80 ಪರ್ಸೆಂಟಿಗೆ ನಿಲ್ಲಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿಬಿಡಿ. 20ರ ಕೆಳಗೆ ಬೀಳಿಸದೆ 80ರ ಸುತ್ತಮುತ್ತ ಇಟ್ಟರೆ ಸಾಕು. ಹಾಗಂತ ಬೆಂಗಳೂರಿಗೆ ಹೊರಟ ದಿನವೂ 80ಕ್ಕೇ ನಿಲ್ಲಿಸಿ ದಾರಿಯಲ್ಲಿ ಪರದಾಡಬೇಡಿ. ಬ್ಯಾಟರಿ ನಮಗಾಗಿ ಇರುವುದು, ನಾವು ಬ್ಯಾಟರಿಗಾಗಿ ಅಲ್ಲ.

ಎಷ್ಟು ಕಾಪಾಡಿದರೂ ಅದು ಸವೆಯುತ್ತದೆ. 0ಯಿಂದ 100ರಷ್ಟು ಬಳಸಿದರೆ ಒಂದು ಸುತ್ತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರುವ ಫೋನುಗಳ ಬ್ಯಾಟರಿ 800 ಸುತ್ತಿನ ಮೇಲೂ 80 ಪರ್ಸೆಂಟ್ ಶಕ್ತಿ ಉಳಿಸಿಕೊಳ್ಳಬೇಕು ಅಂತ ಕಾನೂನೇ ಬಂದಿದೆ. ದಿನಕ್ಕೊಂದು ಸುತ್ತು ಅಂದರೆ ಎರಡು ವರ್ಷಕ್ಕೆ ಸ್ವಲ್ಪ ಜಾಸ್ತಿ. ಹಾಗಾಗಿ ಮೂರು ವರ್ಷದ ಫೋನು ಮಧ್ಯಾಹ್ನಕ್ಕೇ ಮಲಗಿದರೆ, ಹೋದ ವಾರ ಯಾರದೋ ಚಾರ್ಜರ್ ಹಾಕಿದ್ದನ್ನು ನೆನೆಸಿಕೊಂಡು ಅವರನ್ನು ದೂರಬೇಡಿ.

ಊರಿನ ಕರೆಂಟಿನ ಕತೆ

ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು. ಆದರೂ ಹಳ್ಳಿಗಳಲ್ಲಿ ಸಂಜೆ ಬಲ್ಬು ಹುಣಸೆಬೀಜದಂತೆ ಕೆಂಪಗಾಗುವುದನ್ನು ನೋಡಿಯೇ ಬೆಳೆದಿದ್ದೇವೆ. ವೋಲ್ಟೇಜ್ ಇಳಿದರೆ ಫೋನಿಗೆ ಏನೂ ಆಗುವುದಿಲ್ಲ, ಮೇಲೆ ಹೇಳಿದಂತೆ ಅಡಾಪ್ಟರ್ ಸಂಭಾಳಿಸುತ್ತದೆ. ಏರಿದಾಗಲೇ ಕಷ್ಟ.

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿ ಬಿಟ್ಟುಕೊಂಡಿತು. ನ್ಯೂಟ್ರಲ್ ಹೋದರೆ 230 ಬರಬೇಕಾದ ಮನೆಗೆ 300, 400ರವರೆಗೂ ನುಗ್ಗಬಹುದು. ಬಲ್ಬುಗಳು ಹಗಲಿನಂತೆ ಬೆಳಗಿ ಪಟಪಟ ಹೋದವು. ಎದುರು ಮನೆಯ ಟೀವಿ ಹೋಯಿತು. ನಮ್ಮಲ್ಲಿ ಚಾರ್ಜಿಗೆ ಹಾಕಿದ್ದ ಅಡಾಪ್ಟರ್ 'ಠಪ್' ಅಂತ ಸತ್ತಿತು, ತುದಿಯಲ್ಲಿದ್ದ ಫೋನು ಬದುಕಿಕೊಂಡಿತು. ಒಳ್ಳೆಯ ಅಡಾಪ್ಟರ್ ಹೀಗೆ ಸಾಯುತ್ತದೆ: ಒಳಗಿನ ಫ್ಯೂಸ್ ಹೋಗುತ್ತದೆ, ಏರಿದ ವೋಲ್ಟನ್ನು ಫೋನಿನ ಕಡೆ ಬಿಡುವುದಿಲ್ಲ. ಕಳಪೆಯದು ಸಾಯುವಾಗ ಫೋನನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಬಲ್ಬು ಇದ್ದಕ್ಕಿದ್ದಂತೆ ಜಾಸ್ತಿ ಬೆಳಗಿದರೆ, ಫ್ಯಾನು ಹುಚ್ಚು ಹಿಡಿದಂತೆ ತಿರುಗಿದರೆ ಮೇನ್ ಆಫ್ ಮಾಡಿ. ಗುಡುಗು ಮಿಂಚಿನಲ್ಲಿ ಎಲ್ಲವನ್ನೂ ಪ್ಲಗ್ಗಿನಿಂದ ಕೀಳುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು.

ಹೊಸದು ಕೊಳ್ಳುವುದಾದರೆ

ಮನೆಯಲ್ಲಿ ನಾಲ್ಕು ಫೋನು, ನಾಲ್ಕು ಕಂಪನಿ, ನಾಲ್ಕು ಚಾರ್ಜರ್ ಅನ್ನುವ ಕಾಲ ಮುಗಿಯುತ್ತಿದೆ. 2020ರಲ್ಲಿ ಆ್ಯಪಲ್ ಡಬ್ಬಿಯಿಂದ ಚಾರ್ಜರನ್ನೇ ತೆಗೆದುಹಾಕಿತು, ಉಳಿದ ಕೆಲವರೂ ಹಿಂದೆಯೇ ಹೋದರು. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಟೈಪ್ ಸಿ ಕಡ್ಡಾಯ. ಐಫೋನು 2023ರಲ್ಲೇ ಆ ದಾರಿಗೆ ಬಂತು. ಎಲ್ಲರೂ ಎಲ್ಲರ ಚಾರ್ಜರ್ ಬಳಸಲಿ ಅನ್ನುವುದೇ ಇದರ ಉದ್ದೇಶ. ಬೇರೆ ಚಾರ್ಜರಿನಿಂದ ಬ್ಯಾಟರಿ ಕೆಡುವಂತಿದ್ದರೆ ಈ ಕಾನೂನು ಬರುತ್ತಿತ್ತಾ, ನೀವೇ ಹೇಳಿ.

ತುಮಕೂರಿನ ಎಂ.ಜಿ. ರಸ್ತೆಗೋ ನಿಮ್ಮೂರಿನ ಮೊಬೈಲ್ ಅಂಗಡಿಗೋ ಹೋದಾಗ ಸುಮ್ನೆ "ಫಾಸ್ಟ್ ಚಾರ್ಜರ್ ಕೊಡಿ" ಅನ್ನಬೇಡಿ. "ಪಿಡಿ, ಪಿಪಿಎಸ್ ಎರಡೂ ಇರುವ 33 ಇಲ್ಲ 45 ವ್ಯಾಟಿನದು, ಬಿಐಎಸ್ ನಂಬರ್ ಇರೋದು, ಬಿಲ್ ಸಮೇತ" ಅನ್ನಿ. ಪಿಪಿಎಸ್ ಅಂದರೆ ವೋಲ್ಟನ್ನು ಸಣ್ಣ ಸಣ್ಣ ಮೆಟ್ಟಿಲಲ್ಲಿ ಬದಲಿಸುವ ವಿದ್ಯೆ, ಇದರಿಂದ ಫೋನು ಕಡಿಮೆ ಬಿಸಿಯಾಗುತ್ತದೆ. ಅಂಗಡಿಯವರು "ಒರಿಜಿನಲ್ ಥರಾನೇ ಸಾರ್, ಫಸ್ಟ್ ಕಾಪಿ" ಅಂದರೆ ನಕ್ಕು ವಾಪಸ್ ಕೊಡಿ. ಕಂಪನಿಯ ಹೆಸರು ಕದ್ದ ನಕಲಿಗಿಂತ, ತನ್ನದೇ ಹೆಸರಿಟ್ಟುಕೊಂಡ ಸಾಧಾರಣ ಬ್ರ್ಯಾಂಡು ಎಷ್ಟೋ ಮೇಲು. ಹೆಸರಿಟ್ಟುಕೊಂಡವನಿಗೆ ಹೆಸರು ಕೆಡುವ ಭಯ ಇರುತ್ತದೆ.

ಎರಡು ತೂತಿನ ಚಾರ್ಜರ್ ಕೊಂಡರೆ ಎರಡೂ ಒಟ್ಟಿಗೆ ಹಾಕಿದಾಗ ವ್ಯಾಟ್ ಹಂಚಿಹೋಗುತ್ತದೆ ಅನ್ನುವುದು ನೆನಪಿರಲಿ. 45 ಅಂತ ಬರೆದಿದ್ದರೂ ಒಂದೊಂದಕ್ಕೆ 20ರ ಆಸುಪಾಸು ಸಿಗಬಹುದು.

ಬ್ಯಾಟರಿ ಆಗಲೇ ಉಬ್ಬಿದ್ದರೆ

ಫೋನಿನ ಹಿಂಬದಿ ಎದ್ದಿದ್ದರೆ, ಪರದೆ ಅಂಚಿನಲ್ಲಿ ಬಾಯಿ ಬಿಟ್ಟಿದ್ದರೆ, ಮೇಜಿನ ಮೇಲಿಟ್ಟಾಗ ಬುಗುರಿಯಂತೆ ತಿರುಗಿದರೆ ಬ್ಯಾಟರಿ ಉಬ್ಬಿದೆ. ಚಾರ್ಜಿಗೆ ಹಾಕಬೇಡಿ. ಒತ್ತಿ ಕೂರಿಸಬೇಡಿ, ಚುಚ್ಚಿ ಗಾಳಿ ತೆಗೆಯಲು ಹೋಗಲೇಬೇಡಿ, ಹೊತ್ತಿಕೊಳ್ಳುತ್ತದೆ. ಆಫ್ ಮಾಡಿ, ಕಲ್ಲಿನ ನೆಲದ ಮೇಲೆ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಆದಷ್ಟು ಬೇಗ ಸರ್ವಿಸ್ ಸೆಂಟರಿಗೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ತಿಪ್ಪೆಗೋ ಒಲೆಗೋ ಹಾಕಬೇಡಿ, ಅಲ್ಲೇ ಕೊಟ್ಟು ಬನ್ನಿ.

ಮಾವನಿಗೆ ಮದುವೆಯ ಮುಂದಿನ ವಾರವೇ ಒಂದು 33 ವ್ಯಾಟಿನ ಚಾರ್ಜರು, ಎರಡೂ ತುದಿ ಸಿ ಇರುವ ಕೇಬಲ್ಲು ಕೊಟ್ಟು ಬಂದಿದ್ದೆ. ಮೊನ್ನೆ ಫೋನ್ ಮಾಡಿದ್ದರು.

"ಏನಪ್ಪ ನಿನ್ ಚಾರ್ಜರು, ಫೋನಿಗೇನೋ ಚೆನ್ನಾಗೈತೆ. ತೋಟಕ್ಕೆ ಒಯ್ಯೋ ಟಾರ್ಚಿಗೆ ಹಾಕಿದ್ರೆ ಚಾರ್ಜೇ ಆಗಾಕಿಲ್ವಲ್ಲ! ಅದ್ರಲ್ಲೂ ಅದೇ ತೂತೈತೆ."

ಇದು ತುಂಬ ಜನರಿಗೆ ಬರುವ ತೊಂದರೆ. ಅಗ್ಗದ ಟಾರ್ಚು, ನೆಕ್‌ಬ್ಯಾಂಡು, ಟ್ರಿಮ್ಮರುಗಳಲ್ಲಿ ಸಿ ತೂತು ಇಟ್ಟಿರುತ್ತಾರೆ, ಆದರೆ "ನಾನಿದ್ದೇನೆ, ಕರೆಂಟು ಬಿಡು" ಅಂತ ಚಾರ್ಜರಿಗೆ ಹೇಳುವ ಎರಡು ಪುಟ್ಟ ರೆಸಿಸ್ಟರ್‌ಗಳನ್ನು ಹಾಕುವುದೇ ಇಲ್ಲ. ಹೇಳದೆ ಸಿ ಚಾರ್ಜರ್ ಕರೆಂಟು ಬಿಡುವುದಿಲ್ಲ. ಒಂದು ತುದಿ ಹಳೆಯ ಅಗಲ ಪಿನ್ನಿನ ಕೇಬಲ್ಲು ಮತ್ತು ಹಳೆಯ 5 ವೋಲ್ಟಿನ ಅಡಾಪ್ಟರಿಗೆ ಹಾಕಿದರೆ ಸರಿಯಾಗಿ ಆಗುತ್ತದೆ.

"ಅಗಲ ಪಿನ್ನಿನ ಹಳೆ ಚಾರ್ಜರಿಗೆ ಹಾಕಿ ಮಾವ, ಆಗುತ್ತೆ."

"ಹಂಗಾದ್ರೆ ಆ ಟೇಪ್ ಸುತ್ತಿದ್ದು ಐತಲ್ಲ, ಅದ್ನೇ ಹಾಕ್ತೀನಿ ಬಿಡು."

"ಅದನ್ನ ಇನ್ನೂ ಇಟ್ಕೊಂಡಿದ್ದೀರಾ?"